ಒಂಬೈನೂರರ ದನಿ, ಮೂವತ್ತು ಸಾವಿರದ ದನಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಬೆಳಿಗ್ಗೆ ಎರಡು ತಾಸು, ರಾತ್ರಿ ಒಂದು ತಾಸು ಹಿಂದುಸ್ತಾನಿ ಸಂಗೀತ ಕೇಳುವುದು ರೂಢಿ. ಮನೆಮಂದಿಗೆ ತೊಂದರೆಯಾಗಬಾರದೆಂದು 900 ರೂಪಾಯಿಯ ಹೆಡ್‌ಫೋನ್ ಬಳಸುತ್ತಿದ್ದೆ. ಹೋದ ದೀಪಾವಳಿಗೆ ಬೆಂಗಳೂರಿನ ಮಗ 30,000 ರೂಪಾಯಿಯದೊಂದು ತಂದುಕೊಟ್ಟ. ದನಿ ಚೆನ್ನಾಗಿದೆ, ಇಲ್ಲವೆನ್ನಲಾರೆ. ಆದರೆ ಮೂವತ್ತು ಪಟ್ಟು ಚೆನ್ನಾಗಿದೆ ಅನಿಸಲಿಲ್ಲ. ಮೇಲಾಗಿ ಮುಕ್ಕಾಲು ತಾಸಿಗೆಲ್ಲ ಕಿವಿಯ ಹಿಂದೆ ನೋವು ಶುರುವಾಗುತ್ತದೆ. ನನ್ನ ಕಿವಿಗೆ ವಯಸ್ಸಾಯಿತೋ, ಬೆಲೆಗೂ ದನಿಗೂ ನಂಟೇ ಇಲ್ಲವೋ? ಐದಾರು ಸಾವಿರದೊಳಗೆ ಆರಾಮವಾದದ್ದು ಸಿಕ್ಕೀತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಕಿವಿಯ ಮೇಲೆ ಅನುಮಾನ ಬೇಡ, ಮಾಸ್ತರ್ರೇ. ವಯಸ್ಸಾದಂತೆ ತೀರ ಎತ್ತರದ, ತೆಳುವಾದ ದನಿಗಳು ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಎಳೆಯ ಕಿವಿ 20,000 ಹರ್ಟ್ಸ್‌ವರೆಗೆ ಕೇಳಿದರೆ, ಅರವತ್ತು ದಾಟಿದ ಕಿವಿ ಅದರ ಅರ್ಧದ ಆಸುಪಾಸಿನಲ್ಲಿ ನಿಂತೀತು. ಆದರೆ ಗಾಯಕನ ಕಂಠ, ಹಾರ್ಮೋನಿಯಂ, ಡಗ್ಗಾದ ಗುಮಕು, ತಂಬೂರಿಯ ಝೇಂಕಾರ ಇವುಗಳ ಜೀವಾಳವೆಲ್ಲ ಆ ಅರ್ಧದೊಳಗೇ ಇದೆ. ಮೂವತ್ತು ಪಟ್ಟು ಕೇಳಿಸಲಿಲ್ಲ ಎಂದಿರಲ್ಲ, ಆ ಮಾತಿಗೆ ಅಳತೆಯ ಬೆಂಬಲವೂ ಇದೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಒಟ್ಟಿಗಿಟ್ಟು ನೋಡಿದರು. ಯಾವ ಸ್ಥಾಯಿಯ ದನಿಯನ್ನು ಎಷ್ಟು ಎತ್ತಿ, ಎಷ್ಟು ಇಳಿಸಿ ನುಡಿಸುತ್ತವೆ ಎಂಬುದಕ್ಕೂ ಅಂಗಡಿಯ ಬೆಲೆಗೂ ಏನಾದರೂ ಸಂಬಂಧವಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸಂಬಂಧ ಸಿಗಲಿಲ್ಲ.

ಹಾಗೆಂದು ಎಲ್ಲವೂ ಒಂದೇ ಎಂದುಕೊಳ್ಳಬೇಡಿ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಜಗಜಾಂತರವಿದೆ. ಬೆಲೆಯ ಚೀಟಿ ನೋಡಿ ಆ ಅಂತರ ಗೊತ್ತಾಗುವುದಿಲ್ಲ, ಅಷ್ಟೆ. ಯಾಕೆ ಹೀಗೆ ಎಂದು ತಿಳಿಯಲು ಹೆಡ್‌ಫೋನಿನ ಹೊಟ್ಟೆಯನ್ನೊಮ್ಮೆ ಬಗೆದು ನೋಡಬೇಕು. ಒಳಗಿರುವುದು ಒಂದು ಆಯಸ್ಕಾಂತ, ಕೂದಲೆಳೆಯಂಥ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ತೆಳ್ಳನೆಯ ಪೊರೆ. ಮೂರೂ ಸೇರಿ ‘ಡ್ರೈವರ್’. ಕಿವಿ ಮುಚ್ಚುವಂಥ ಹೆಡ್‌ಫೋನ್‌ಗಳಲ್ಲಿ ಇದರ ಅಗಲ ಸಾಮಾನ್ಯವಾಗಿ 40 ಮಿಲಿಮೀಟರ್. ಸ್ಪೀಕರಿನ ಹಾಗೆ ಇದು ಕೋಣೆಯ ಗಾಳಿಯನ್ನೆಲ್ಲ ಅಲುಗಿಸಬೇಕಿಲ್ಲ. ಕಿವಿಯ ಮುಂದಿನ ಒಂದು ಬೊಗಸೆ ಗಾಳಿ ಅಲುಗಿದರೆ ಕೆಲಸ ಮುಗಿಯಿತು. ಇಷ್ಟು ಹಗುರ ಕೆಲಸಕ್ಕೆ ಭಾರಿ ಸಾಮಗ್ರಿ ಬೇಡ.

ಕಷ್ಟವಿರುವುದು ಶ್ರುತಿ ಮಾಡುವುದರಲ್ಲಿ. ಡ್ರೈವರಿನ ಹಿಂದೆ ಎಷ್ಟು ಜಾಗ ಬಿಡಬೇಕು, ಗಾಳಿಯಾಡಲು ಎಲ್ಲಿ ತೂತು ಕೊರೆಯಬೇಕು, ಅದರ ಮೇಲೆ ಎಂಥ ಬಟ್ಟೆ ಅಂಟಿಸಬೇಕು ಎಂಬ ಸಣ್ಣಸಣ್ಣ ತೀರ್ಮಾನಗಳಲ್ಲಿ ದನಿ ಹುಟ್ಟುತ್ತದೆ. ಹಿಂದೆ ಇದು ಕೆಲವೇ ಕಂಪನಿಗಳ ಮನೆವಿದ್ಯೆಯಾಗಿತ್ತು. 2012ರ ನಂತರ ಹಾರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ, ಯಾವ ಬಗೆಯ ದನಿ ಹೆಚ್ಚು ಜನಕ್ಕೆ ಹಿತವೆನಿಸುತ್ತದೆ ಎಂದು ಪರೀಕ್ಷೆ ಮಾಡಿ, ಫಲಿತಾಂಶವನ್ನು ಪ್ರಕಟಿಸಿಬಿಟ್ಟರು. ಅಡುಗೆಯ ಅಳತೆ ಊರಿಗೆಲ್ಲ ಗೊತ್ತಾದ ಮೇಲೆ ಸಣ್ಣ ಖಾನಾವಳಿಯಲ್ಲೂ ಒಳ್ಳೆಯ ಸಾರು ಸಿಗುತ್ತದಲ್ಲ, ಹಾಗಾಯಿತು. ಇವತ್ತು ಮೂನ್‌ಡ್ರಾಪ್‌ನಂಥ ಚೀನಾದ ಕಂಪನಿಗಳು 2,000 ರೂಪಾಯಿಯ ಆಸುಪಾಸಿನಲ್ಲಿ ಕೊಡುವ ವೈರಿನ ಇಯರ್‌ಫೋನ್‌ಗಳ ದನಿ, ಹದಿನೈದು ವರ್ಷದ ಹಿಂದೆ ಹತ್ತಾರು ಸಾವಿರ ಕೊಟ್ಟವರಿಗೂ ಸಿಗುತ್ತಿದ್ದುದು ಅಪರೂಪ.

ಈಗ ಒಂದೊಂದೇ ಮೆಟ್ಟಿಲು ಹತ್ತೋಣ. ತಲೆಯ ಮೇಲೆ ಹಾಕುವ, 1,500 ರೂಪಾಯಿಯೊಳಗಿನ ಹೆಡ್‌ಫೋನ್‌ಗಳಲ್ಲಿ ಮೊದಲು ಕಿವಿಗೆ ಬಡಿಯುವುದು ಬೇಸ್. ಬಸ್ಸು, ಫ್ಯಾನು, ರಸ್ತೆಯ ಗದ್ದಲ ಮೊದಲು ನುಂಗುವುದು ಮಂದ್ರದ ದನಿಯನ್ನೇ. ಆದ್ದರಿಂದ ಅದನ್ನು ಎತ್ತಿ ಕೊಟ್ಟರೆ ಅಂಗಡಿಯಲ್ಲಿ ಗಿರಾಕಿ ತಲೆದೂಗುತ್ತಾನೆ. ಸಿನಿಮಾ ಹಾಡಿಗೆ ಇದು ಒಂದಷ್ಟು ಹೊಂದೀತು. ಖಯಾಲಿಗೆ ಹೊಂದುವುದಿಲ್ಲ. ಡಗ್ಗಾ ಗುಡುಗಿದ ಹಾಗೆ ಕೇಳಿಸಿ, ಅದರ ಹೊಗೆಯಲ್ಲಿ ಗಾಯಕನ ಖರ್ಜ ಮುಚ್ಚಿಹೋಗುತ್ತದೆ. ಎಡಬಲದ ಡ್ರೈವರ್‌ಗಳು ಒಂದಕ್ಕೊಂದು ಸಮನಾಗಿರದೆ ಕಂಠ ನಡುವೆ ನಿಲ್ಲದೆ ಒಂದು ಬದಿಗೆ ವಾಲುವುದೂ ಉಂಟು. ನಿಮ್ಮ 900ರ ಹೆಡ್‌ಫೋನ್‌ನಿಂದ ಮೇಲಿನ ಯಾವುದೇ ಸಭ್ಯ ಹೆಡ್‌ಫೋನ್‌ಗೆ ಹೋದರೂ ವ್ಯತ್ಯಾಸ ಮೊದಲ ಆಲಾಪದಲ್ಲೇ ತಿಳಿಯುತ್ತದೆ. ಇಡೀ ಏಣಿಯಲ್ಲಿ ಅತಿ ಎತ್ತರದ ಮೆಟ್ಟಿಲು ಇದೇ.

3,000ದಿಂದ 10,000 ರೂಪಾಯಿಯ ನಡುವೆ ನಿಜವಾದ ಫಸಲು ಇದೆ. ಎರಡು ಹಳೆಯ ಹೆಸರು ಹೇಳುತ್ತೇನೆ. ಕಾಸ್ ಕಂಪನಿಯ ಪೋರ್ಟಾ ಪ್ರೊ 1984ರಲ್ಲಿ ಬಂದದ್ದು. ತೆಳು ಲೋಹದ ಪಟ್ಟಿ, ಸ್ಪಂಜಿನ ಬಿಲ್ಲೆ, ನೋಡಿದರೆ ಆಟಿಕೆಯಂತಿದೆ. ಸೋನಿಯ ಎಂಡಿಆರ್-7506 ಬಂದದ್ದು 1991ರಲ್ಲಿ. ಸುರುಳಿ ವೈರು, ಬದಿಯಲ್ಲಿ ನೀಲಿ ಪಟ್ಟಿ. ಜಗತ್ತಿನ ಎಷ್ಟೋ ರೇಡಿಯೋ ಕೇಂದ್ರ, ಸ್ಟುಡಿಯೋ, ಸಿನಿಮಾ ಚಿತ್ರೀಕರಣದ ಜಾಗಗಳಲ್ಲಿ ಧ್ವನಿಗ್ರಾಹಕರ ತಲೆಯ ಮೇಲೆ ಇದೇ ಇರುತ್ತದೆ. ಎರಡೂ ಇವತ್ತಿಗೂ ಮಾರಾಟದಲ್ಲಿವೆ. ಹಾಡನ್ನು ಧ್ವನಿಮುದ್ರಿಸಿಕೊಂಡವನೇ ಇಂಥದ್ದನ್ನು ಹಾಕಿಕೊಂಡು ಕೆಲಸ ಮಾಡಿರುವಾಗ, ಆ ಹಾಡನ್ನು ಕೇಳಲು ಇದಕ್ಕಿಂತ ಬಹಳ ಮೇಲಿನದು ಬೇಕೇ ಬೇಕೆಂದು ವಾದಿಸುವುದು ಕಷ್ಟ. ಕುಂದೂ ಇದೆ: 7506ರ ದನಿ ಕೊಂಚ ಚುರುಕು, ‘ಸ’ಕಾರ ಹರಿತವಾಗಿ ಕೇಳಿಸುತ್ತದೆ, ಕಿವಿಮೆತ್ತೆಯ ಹೊದಿಕೆ ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಹೊಸ ಮೆತ್ತೆ ಕೊಂಡು ಮನೆಯಲ್ಲೇ ಹಾಕಿಕೊಳ್ಳಬಹುದು ಎಂಬುದು ಸಮಾಧಾನ.

ಇನ್ನು ಮಗ ತಂದುಕೊಟ್ಟ ಮೆಟ್ಟಿಲು. 20,000ದಿಂದ 35,000ದ ಬ್ಲೂಟೂತ್ ಹೆಡ್‌ಫೋನಿನಲ್ಲಿ ನಿಮ್ಮ ದುಡ್ಡಿನ ದೊಡ್ಡ ಪಾಲು ಡ್ರೈವರಿಗೆ ಹೋಗುವುದಿಲ್ಲ. ಬ್ಯಾಟರಿ, ಮೈಕುಗಳು, ಚಿಪ್ಪು, ಮೊಬೈಲ್ ಆ್ಯಪು, ಎಲ್ಲಕ್ಕಿಂತ ಹೆಚ್ಚಾಗಿ ಗದ್ದಲ ಅಳಿಸುವ ವಿದ್ಯೆಗೆ ಹೋಗುತ್ತದೆ. ಈ ವಿದ್ಯೆಯ ಹಿಂದೆ ಒಬ್ಬ ಬಂಗಾಳಿ ಅಪ್ಪನ ಮಗನಿದ್ದಾನೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹೋಗುತ್ತಿದ್ದಾಗ, ಅಲ್ಲಿ ಕೊಟ್ಟ ಹೆಡ್‌ಫೋನಿನ ಹಾಡು ಎಂಜಿನ್ ಗದ್ದಲದಲ್ಲಿ ಮುಳುಗಿಹೋಯಿತು. ಹೊರಗಿನ ಗದ್ದಲವನ್ನು ಮೈಕಿನಲ್ಲಿ ಹಿಡಿದು, ಅದರ ತದ್ವಿರುದ್ಧ ಅಲೆಯನ್ನು ಕಿವಿಯಲ್ಲಿ ನುಡಿಸಿದರೆ ಒಂದನ್ನೊಂದು ಕೊಂದುಕೊಳ್ಳುತ್ತವಲ್ಲ ಎಂದು ಅವರು ಅಲ್ಲೇ ಲೆಕ್ಕ ಹಾಕಲು ಕೂತರು. ಅವರ ಕಂಪನಿ ಪೈಲಟ್‌ಗಳ ಹೆಡ್‌ಸೆಟ್ ತಂದದ್ದು 1989ರಲ್ಲಿ, ಪ್ರಯಾಣಿಕರಿಗಾಗಿ ತಂದದ್ದು 2000ದಲ್ಲಿ. ಎಂಜಿನ್ನು, ಎ.ಸಿ., ರೈಲಿನ ಗಡಗಡ ಇಂಥ ಒಂದೇ ಸಮನೆಯ ತಗ್ಗಿನ ಗದ್ದಲವನ್ನು ಇದು ಚೆನ್ನಾಗಿ ನುಂಗುತ್ತದೆ. ಕುಕ್ಕರಿನ ಸೀಟಿ, ಮಾತು, ಹಾರ್ನು ಇವು ಥಟ್ಟನೆ ಬಂದು ಹೋಗುವುದರಿಂದ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ನೀವು ಸಂಗೀತ ಕೇಳುವುದು ನಸುಕಿನಲ್ಲಿ ಮತ್ತು ರಾತ್ರಿ. ಅಷ್ಟೊತ್ತಿಗೆ ಮನೆಯಲ್ಲಿ ಅಳಿಸಬೇಕಾದ ಗದ್ದಲವೇ ಕಡಿಮೆ. ದುಡ್ಡು ಕೊಟ್ಟ ವಿದ್ಯೆ ನಿಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತಿದೆ.

ಅದೇ ದುಡ್ಡಿಗೆ, ದನಿಯೊಂದೇ ಮುಖ್ಯ ಎನ್ನುವವರು ಕೊಳ್ಳುವುದು ವೈರಿನ, ಬೆನ್ನು ತೆರೆದ ಹೆಡ್‌ಫೋನು. ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಅದಕ್ಕೆ ಹೆಸರುವಾಸಿ. 1997ರಲ್ಲಿ ಬಂದದ್ದು, ಇನ್ನೂ ತಯಾರಾಗುತ್ತಿದೆ. ಇದರ ಹೊರಮೈ ಜಾಲರಿಯದು. ದನಿ ಡಬ್ಬಿಯೊಳಗೆ ಗುಯ್‌ಗುಡುವುದಿಲ್ಲ. ಗಾಯಕ ಎದುರಿನ ಜಮಖಾನೆಯ ಮೇಲೆ ಕೂತ ಹಾಗೆ ಕೇಳಿಸುತ್ತದೆ. ಆದರೆ ಹೊರಗಿನದು ಒಳಗೂ ಒಳಗಿನದು ಹೊರಗೂ ಸಲೀಸಾಗಿ ಓಡಾಡುತ್ತದೆ, ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ರಾಗ ಗೊತ್ತಾಗುತ್ತದೆ. ಮೇಲಾಗಿ ಇದರ ಪ್ರತಿರೋಧ 300 ಓಮ್; ಮೊಬೈಲಿನ ಪುಟ್ಟ ಶಕ್ತಿಗೆ ಸಾಕಷ್ಟು ಗಟ್ಟಿಯಾಗಿ ನುಡಿಯದು, ಆಂಪ್ಲಿಫೈಯರ್ ಜೊತೆಗಿದ್ದರೆ ಒಳ್ಳೆಯದು. ಲಕ್ಷ ದಾಟಿದ ಲೋಕವೂ ಇದೆ. ಅದೇ ಕಂಪನಿಯ ಎಚ್‌ಇ-1 ಎಂಬುದು ಅಮೃತಶಿಲೆಯ ಪೀಠದ ಮೇಲೆ ಕೂರುತ್ತದೆ, ಬೆಲೆ ಹತ್ತಾರು ಲಕ್ಷ. ಅಲ್ಲಿ ಕೊಳ್ಳುವುದು ದನಿಯ ಕೊನೆಯ ಕೂದಲೆಳೆಯನ್ನು, ಜೊತೆಗೆ ಮಾಲೀಕತ್ವದ ಸಂತೋಷವನ್ನು. ನಾವು ಮುಂದೆ ಹೋಗೋಣ.

ಧಾರವಾಡದವರಾದ ನೀವು ಹಳೆಯ ರೇಡಿಯೋ ಮುದ್ರಣಗಳನ್ನೂ, ಗ್ರಾಮಫೋನ್ ತಟ್ಟೆಗಳಿಂದ ಎತ್ತಿಕೊಂಡವನ್ನೂ ಕೇಳುವವರೇ ಇರಬೇಕು. ಅವುಗಳ ವಿಷಯದಲ್ಲಿ ಒಂದು ಮಾತು. ಮಲ್ಲಿಕಾರ್ಜುನ ಮನ್ಸೂರರ ಆರಂಭಕಾಲದ ತಟ್ಟೆಗಳಂಥವು ಮೋನೋ. ಎರಡೂ ಕಿವಿಗೆ ಒಂದೇ ದನಿ ಬರುವುದರಿಂದ ಗಾಯನ ತಲೆಯ ನಟ್ಟನಡುವೆ ನಿಲ್ಲುತ್ತದೆ. 900ರದ್ದರಲ್ಲೂ ಅಲ್ಲೇ, 30,000ದ್ದರಲ್ಲೂ ಅಲ್ಲೇ. ಮುದ್ರಣದಲ್ಲಿ ಇಲ್ಲದ ಎಡಬಲವನ್ನು ಯಾವ ಹೆಡ್‌ಫೋನೂ ಹುಟ್ಟಿಸಲಾರದು. ದುಬಾರಿ ಹೆಡ್‌ಫೋನಿನಲ್ಲಿ ಮುಳ್ಳಿನ ಕರಕರ ಇನ್ನಷ್ಟು ನಿಚ್ಚಳವಾಗಿ ಕೇಳಿಸೀತು. ಮೂವತ್ತು ಪಟ್ಟು ಅನಿಸದಿರಲು ಇದೂ ಒಂದು ಕಾರಣವಿರಬಹುದು.

ನೋವಿನ ಮಾತಿಗೆ ಬರೋಣ. ನೀವು ಬರೆದಿಲ್ಲ, ಆದರೆ ‘ಕಿವಿಯ ಹಿಂದೆ’ ಎಂದಿದ್ದೀರಿ. ನೀವು ಕನ್ನಡಕ ಹಾಕುವವರು ಎಂದು ನನ್ನ ಊಹೆ. ನಾನೂ ಹಾಕುವವನೇ. ಕೆಲವು ವರ್ಷದ ಹಿಂದೆ ಆಸೆಪಟ್ಟು ಒಂದು ದುಬಾರಿ ಹೆಡ್‌ಫೋನ್ ಕೊಂಡಿದ್ದೆ. ಅಂಗಡಿಯಲ್ಲಿ ಮಂದ್ರ ತುಂಬಿ ತುಳುಕುತ್ತಿತ್ತು. ಮನೆಗೆ ತಂದ ಮೇಲೆ ಸೊರಗಿಹೋಯಿತು. ವೈರು ಬದಲಿಸಿದೆ, ಹಾಡು ಬದಲಿಸಿದೆ, ಕೊನೆಗೆ ಮೋಸಹೋದೆ ಎಂದು ಬೈದುಕೊಂಡೆ. ಒಂದು ರಾತ್ರಿ ಕಣ್ಣುರಿಯೆಂದು ಕನ್ನಡಕ ತೆಗೆದಿಟ್ಟೆ ನೋಡಿ, ಮಂದ್ರ ಓಡಿಬಂತು. ಅಂಗಡಿಯಲ್ಲಿ ಕನ್ನಡಕ ತೆಗೆದು ಕೇಳಿದ್ದೆ, ಮನೆಯಲ್ಲಿ ಹಾಕಿಕೊಂಡು ಕೇಳುತ್ತಿದ್ದೆ. ಕನ್ನಡಕದ ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು, ಆ ಸಂದಿನಲ್ಲಿ ಗಾಳಿಯೊಂದಿಗೆ ಮಂದ್ರದ ದನಿಯೂ ಸೋರಿಹೋಗುತ್ತಿತ್ತು. ಅದೇ ಕಡ್ಡಿ ಕಿವಿಯ ಹಿಂದಿನ ಎಲುಬಿಗೆ ಒತ್ತಿ ನೋವೂ ಕೊಡುತ್ತಿತ್ತು.

ಆ ರಾತ್ರಿ ನನಗೆ ಹೊಳೆದದ್ದನ್ನೇ ನಿಮಗೆ ಹೇಳಬೇಕೆಂದಿರುವುದು. ದನಿ ಒಂದು ಬಾಬತ್ತು, ಆರಾಮ ಇನ್ನೊಂದು ಬಾಬತ್ತು ಎಂದು ಎರಡು ಖಾತೆ ಬರೆಯಲಾಗದು. ಹೆಡ್‌ಫೋನಿನ ಅರ್ಧ ಅಂಗಡಿಯಲ್ಲಿದ್ದರೆ, ಉಳಿದರ್ಧ ನಿಮ್ಮ ತಲೆ. ಮೆತ್ತೆ ಸುತ್ತಲೂ ಸರಿಯಾಗಿ ಕೂತಾಗಲೇ ತಯಾರಕರು ಎಣಿಸಿದ ದನಿ ನಿಮಗೆ ದಕ್ಕುತ್ತದೆ. ಕಿವಿಯೊಳಗೆ ತುರುಕುವ ಇಯರ್‌ಬಡ್‌ಗೂ ಇದೇ ನ್ಯಾಯ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟೊಪ್ಪಿ ಕೊಟ್ಟಿರುತ್ತಾರೆ. ಬಹಳ ಜನ ಹಾಕಿಕೊಟ್ಟ ನಡುವಣದ್ದನ್ನೇ ಬಳಸಿ, ಬೇಸ್ ಇಲ್ಲವೆಂದು ದೂರುತ್ತಾರೆ. ಕೊಲ್ಹಾಪುರಿ ಚಪ್ಪಲಿ ಎಷ್ಟು ಬೆಲೆಯದಾದರೇನು, ಅಳತೆ ತಪ್ಪಿದರೆ ಬೊಬ್ಬೆ ತಪ್ಪದು.

ಆರಾಮಕ್ಕೂ ಬೆಲೆ ಜವಾಬು ಹೇಳುವುದಿಲ್ಲ. ಕೆಲವೊಮ್ಮೆ ಲೆಕ್ಕ ತಿರುಗುಮುರುಗೇ ಆಗುತ್ತದೆ. ದುಬಾರಿ ಎಂದು ಕೈಗೆ ಗೊತ್ತಾಗಲೆಂದು ಲೋಹ ಬಳಸುತ್ತಾರೆ; ಆ ಲೋಹ ಕುತ್ತಿಗೆಯ ಮೇಲೆ ಕೂರುತ್ತದೆ. ಹೆಚ್ಚುಕಡಿಮೆ ಪೂರ್ತಿ ಪ್ಲಾಸ್ಟಿಕ್ಕಿನ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ4 ತೂಗುವುದು 254 ಗ್ರಾಂ. ಅದಕ್ಕಿಂತ ಬಹಳ ಬೆಲೆಬಾಳುವ, ಅಲ್ಯೂಮಿನಿಯಂ ಬಟ್ಟಲಿನ ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ. ನೂರಮೂವತ್ತು ಗ್ರಾಂ ಏನು ಮಹಾ ಎನ್ನಬಹುದು. ಎರಡು ತಾಸು ಹೊತ್ತು ನೋಡಿದವರಿಗೆ ಗೊತ್ತು. ತಯಾರಕರಿಗೂ ಇದು ಹಳೆಯ ಪಾಠ. 1968ರಲ್ಲಿ ಸೆನ್‌ಹೈಸರ್ ಹಳದಿ ಸ್ಪಂಜಿನ, ಬೆನ್ನು ತೆರೆದ, ಹಗುರಾದ ಎಚ್‌ಡಿ 414 ತಂದಾಗ ಜನ ಮುಗಿಬಿದ್ದು ಕೊಂಡರು. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗ ಜೊತೆಗಿದ್ದ ಹೆಡ್‌ಫೋನಿನ ತೂಕ 50 ಗ್ರಾಂನಷ್ಟೇ. ನಡೆದಾಡುತ್ತ ಹಾಡು ಕೇಳುವ ರೂಢಿ ಹುಟ್ಟಿದ್ದರಲ್ಲಿ ಆ ಹಗುರತನದ ಪಾಲೂ ಇದೆ.

ತೂಕದ ಜೊತೆಗೆ ಇನ್ನು ಮೂರು ನೋಡಬೇಕು. ಮೊದಲನೆಯದು ಬಿಗಿ. ತೀರ ಸಡಿಲವಾದರೆ ಜಾರುತ್ತದೆ, ತೀರ ಬಿಗಿಯಾದರೆ ಇಕ್ಕಳ. ಹೊಸದರಲ್ಲಿ ಬಿಗಿಯಿದ್ದರೆ, ಹೆಡ್‌ಫೋನಿನ ಅಗಲಕ್ಕಿಂತ ತುಸು ದಪ್ಪ ಪುಸ್ತಕಗಳ ಕಟ್ಟಿಗೆ ಒಂದೆರಡು ರಾತ್ರಿ ಸಿಕ್ಕಿಸಿಟ್ಟರೆ ಸಡಿಲುತ್ತದೆ. ಎರಡನೆಯದು ಮೆತ್ತೆಯ ಆಳ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಹತ್ತು ನಿಮಿಷಕ್ಕೆ ಗೊತ್ತಾಗದು, ಒಂದು ತಾಸಿಗೆ ಉರಿಯುತ್ತದೆ. ಮೂರನೆಯದು ಸೆಕೆ. ಕೃತಕ ಚರ್ಮದ ಮೆತ್ತೆ ಗಾಳಿಯಾಡಗೊಡದು. ಮಂಗಳೂರು, ಕಾರವಾರದ ಕಡೆ ಬೆವರಿಗೆ ಅದು ಬೇಗ ಸುಲಿದು ಕಿವಿಯ ಸುತ್ತ ಕರಿ ಚೂರು ಅಂಟಿಸುತ್ತದೆ. ಮಖಮಲ್ಲಿನಂಥ ಬಟ್ಟೆಯ ಮೆತ್ತೆ ತಂಪು, ಆದರೆ ಹೊರಗಿನ ಗದ್ದಲವನ್ನು ಅಷ್ಟು ತಡೆಯದು. ಧಾರವಾಡದ ಹವೆಗೆ ಎರಡೂ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬಟ್ಟೆಯೇ ಮೇಲು.

ದನಿಗೂ ಆರಾಮಕ್ಕೂ ಜಗ್ಗಾಟ ಬಿದ್ದರೆ ಆರಾಮವನ್ನೇ ಆರಿಸಿಕೊಳ್ಳಿ. ಬೇಸ್ ಹೆಚ್ಚಾದರೆ ಮೊಬೈಲಿನ ಈಕ್ವಲೈಜರಿನಲ್ಲಿ ಇಳಿಸಬಹುದು, ‘ಸ’ಕಾರ ಚುಚ್ಚಿದರೆ ತಗ್ಗಿಸಬಹುದು, ಖರ್ಚಿಲ್ಲದ ಕೆಲಸ. ತಲೆಯ ಮೇಲಿನ ನೂರು ಗ್ರಾಂ ಇಳಿಸುವ ಆ್ಯಪ್ ಇನ್ನೂ ಬಂದಿಲ್ಲ.

ಅಂಗಡಿಗೆ ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಿ. ನಿಮಗೆ ಬಾಯಿಪಾಠವಾಗುವಷ್ಟು ಪರಿಚಯವಿರುವ ಒಂದು ಮುದ್ರಣ ಮೊಬೈಲಿನಲ್ಲಿರಲಿ. ಅಂಗಡಿಯವರು ಹಾಕುವ ಹಾಡು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ. ಎರಡನ್ನು ಹೋಲಿಸುವಾಗ ಎರಡರ ಗಟ್ಟಿಯೂ ಒಂದೇ ಇರುವ ಹಾಗೆ ವಾಲ್ಯೂಮ್ ಹೊಂದಿಸಿಕೊಳ್ಳಿ. ದನಿ ತಗ್ಗಿದಾಗ ನಮ್ಮ ಕಿವಿಗೆ ಮಂದ್ರ ಹೆಚ್ಚು ಬೇಗ ಮಾಯವಾಗುತ್ತದೆ, ಏರಿಸಿದಾಗ ತುಂಬಿಬರುತ್ತದೆ. ಫ್ಲೆಚರ್, ಮನ್‌ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ತುಸು ಗಟ್ಟಿಯಾಗಿ ನುಡಿದದ್ದೇ ಒಳ್ಳೆಯದೆನಿಸುವುದು ಈ ಕಾರಣಕ್ಕೆ. ಮೊದಲು ಬರಿಯ ತಂಬೂರಿ ಕೇಳಿ: ನಾಲ್ಕು ತಂತಿಯೂ ಬಿಡಿಬಿಡಿಯಾಗಿ ಕೇಳಿಸಿ, ಮೇಲೆ ಝೇಂಕಾರ ಕೂಡಿಕೊಳ್ಳಬೇಕು. ಆಮೇಲೆ ಡಗ್ಗಾದ ಮೀಂಡು ಜಾರುವುದು ಕೇಳಿಸುತ್ತದೆಯೋ, ಬರೀ ಧಡ್ ಎನ್ನುತ್ತದೆಯೋ ನೋಡಿ. ಕೊನೆಗೆ ತೆಗೆಯದೆ ಇಪ್ಪತ್ತು ನಿಮಿಷ ಕೂತುಬಿಡಿ. ಅಂಗಡಿಯಾತ ಕೆಮ್ಮಿದರೂ ಏಳಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಇಷ್ಟು ಹೊತ್ತು ಕೂರಲು ಜಾಗ ಸಿಗದು. ಆಗ ಒಪ್ಪದಿದ್ದರೆ ಹಿಂದಿರುಗಿಸುತ್ತೇನೆ ಎಂದು ಮೊದಲೇ ಮಾತಾಡಿಕೊಂಡು ತನ್ನಿ.

ದಿನಕ್ಕೆ ಮೂರು ತಾಸು ಕೇಳುವವರಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಮಿತಿ ವಾರಕ್ಕೆ 40 ತಾಸು, 80 ಡೆಸಿಬಲ್. ಮೇಲಿನ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ: 83ಕ್ಕೆ 20 ತಾಸು, 86ಕ್ಕೆ 10 ತಾಸು. ನಿಮ್ಮದು ವಾರಕ್ಕೆ 21 ತಾಸಾಯಿತು. ಮೆತ್ತೆ ಸರಿಯಾಗಿ ಕೂತು ಹೊರಗಿನ ಗದ್ದಲ ತಡೆದರೆ ವಾಲ್ಯೂಮ್ ಏರಿಸುವ ಪ್ರಮೇಯವೇ ಬರದು. ಅಳತೆಗೆ ಹೊಂದುವ ಹೆಡ್‌ಫೋನ್ ಕಿವಿಯ ಆಯುಷ್ಯವನ್ನೂ ಕಾಯುತ್ತದೆ.

ಐದಾರು ಸಾವಿರಕ್ಕೆ ಏನು ಕೊಳ್ಳಬೇಕೆಂದರೆ: ವೈರಿನದು, 250 ಗ್ರಾಂಗಿಂತ ಹಗುರವಾದದ್ದು, ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವಷ್ಟು ಆಳವಾದ ಮೆತ್ತೆಯದು, ಮೆತ್ತೆ ಬಿಡಿಯಾಗಿ ಸಿಗುವಂಥದು. ರಾತ್ರಿ ಪಕ್ಕದಲ್ಲಿ ಯಾರೂ ಮಲಗುವುದಿಲ್ಲವಾದರೆ ಬೆನ್ನು ತೆರೆದದ್ದು, ಮಲಗುವುದಾದರೆ ಮುಚ್ಚಿದ್ದು. ನಿಮ್ಮ ಮೊಬೈಲಿಗೆ ಹೆಡ್‌ಫೋನಿನ ತೂತು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೆಲವು ನೂರು ರೂಪಾಯಿಗೆ ಜೋಡಿಸುವ ತುಂಡು ವೈರು ಸಿಗುತ್ತದೆ. ಬ್ಯಾಟರಿ ಇಲ್ಲದ್ದರಿಂದ ಹತ್ತು ವರ್ಷ ಬಾಳಿದರೂ ಆಶ್ಚರ್ಯವಿಲ್ಲ. ಬ್ಲೂಟೂತ್‌ನದರಲ್ಲಿ ಬ್ಯಾಟರಿಗೆ ಮೊದಲು ಮುಪ್ಪು ಬರುತ್ತದೆ.

ಹೊಸದು ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪ್ರಯೋಗ ಮಾಡಿ. ಮಗ ಕೊಟ್ಟದ್ದನ್ನು ಒಂದು ರಾತ್ರಿ ಕನ್ನಡಕ ತೆಗೆದಿಟ್ಟು ಕೇಳಿ. ನೋವು ಹೋಗಿ ಮಂದ್ರ ಬಂದರೆ ತಪ್ಪು ಹೆಡ್‌ಫೋನಿನದಲ್ಲ, ಕಡ್ಡಿಯದು. ತೆಳು ಕಡ್ಡಿಯ ಫ್ರೇಮು ಐದಾರು ಸಾವಿರಕ್ಕಿಂತ ಅಗ್ಗ. ಆಗಲೂ ನೋವು ಹೋಗದಿದ್ದರೆ ಮನೆಗೆಂದು ಬೇರೆ ಕೊಳ್ಳಿ, ಆದರೆ ಮಗನದನ್ನು ಮಾರಬೇಡಿ, ಹಿಂದಕ್ಕೂ ಕೊಡಬೇಡಿ. ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ಹಾಕಿಕೊಂಡು ಗದ್ದಲ ಅಳಿಸುವ ಗುಂಡಿ ಒತ್ತಿ. ಗಾಲಿಯ ಗಡಗಡ ಹಿಂದೆ ಸರಿದು ತಂಬೂರಿ ಮುಂದೆ ಬರುತ್ತದೆ. ಆ ಮೂವತ್ತು ಸಾವಿರ ಎಲ್ಲಿ ಹೋಯಿತೆಂದು ಹಾವೇರಿ ದಾಟುವುದರೊಳಗೆ ಗೊತ್ತಾಗುತ್ತದೆ. ಮುಕ್ಕಾಲು ತಾಸಿಗೊಮ್ಮೆ ತೆಗೆದಿಟ್ಟು ಚಹಾ ಕುಡಿಯಿರಿ, ಕಿವಿಗೂ ಬಿಡುವು. ನಿಲ್ದಾಣಕ್ಕೆ ಮಗ ಬಂದಾಗ ಅದು ಕುತ್ತಿಗೆಯಲ್ಲೇ ಇರಲಿ.